ಕಂಚು ಹೋಯಿತು, ಬೆಳ್ಳಿ ಉಳಿಯಿತು

ಈ ಪ್ರಕರಣದಲ್ಲಿ ಇಬ್ಬರು ಓಟಗಾರ್ತಿಯರಿದ್ದಾರೆ, ಇಬ್ಬರೂ ತುಮಕೂರು ಜಿಲ್ಲೆಯವರು. ದೈಹಿಕ ಶಿಕ್ಷಣ ಓದುವ ವಿದ್ಯಾರ್ಥಿಗಳ ಚರ್ಚೆಗೆಂದು ನಾನು ಹೆಣೆದದ್ದು ಇದು. ಯಾವುದೇ ಒಬ್ಬ ಕ್ರೀಡಾಪಟುವಿನ ಬದುಕಿನ ವರದಿಯಲ್ಲ. ಹಾಗಾಗಿ ಹೆಸರುಗಳ ಬದಲು ತಾಲ್ಲೂಕುಗಳಿವೆ: ಪಾವಗಡದವಳು, ಕೊರಟಗೆರೆಯವಳು. ಇಲ್ಲಿ ಬರುವ ಸಂಸ್ಥೆಗಳು, ನಿಯಮಗಳು, ಹಳೆಯ ತೀರ್ಪುಗಳು ಮಾತ್ರ ವಾಸ್ತವ. ಉದ್ದೀಪನ ಮದ್ದಿನ ಚರ್ಚೆ ನಮ್ಮಲ್ಲಿ ಸಿಕ್ಕಿಬಿದ್ದವರ ಸುತ್ತಲೇ ಗಿರಕಿ ಹೊಡೆಯುತ್ತದೆ. ಯಾರು ತಿಂದರು, ಯಾರು ತಿನ್ನಿಸಿದರು, ಎಷ್ಟು ವರ್ಷ ನಿಷೇಧ. ಅವರ ಪಕ್ಕದ ಲೇನಿನಲ್ಲಿ ಓಡಿದವರಿಗೆ ಏನಾಯಿತು ಎಂಬುದು ಸುದ್ದಿಯ ಕೊನೆಯ ಸಾಲಿಗೂ ಬರುವುದಿಲ್ಲ. ನನ್ನ ಆಸಕ್ತಿ ಇರುವುದು ಅಲ್ಲಿ.

ನಡೆದದ್ದು

ಇಬ್ಬರೂ 400 ಮೀಟರ್ ಓಟದವರು. ಇಬ್ಬರಿಗೂ ಹದಿನೇಳು ವರ್ಷ, ದ್ವಿತೀಯ ಪಿಯುಸಿ. ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಬೆಳಗಿನ ಹೊತ್ತು ಅಭ್ಯಾಸ. ಪಾವಗಡದವಳು ನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು; ಊರಿನಲ್ಲಿ ತಂದೆಗೆ ಕಡಲೆಕಾಯಿ ಹೊಲ, ಮಳೆ ಬಂದ ವರ್ಷ ಬೆಳೆ. ಕೊರಟಗೆರೆಯವಳು ಮೊದಲ ಬಸ್ಸಿಗೆ ಬಂದು, ಓಡಿ, ಅಲ್ಲೇ ಬಟ್ಟೆ ಬದಲಿಸಿ ಕಾಲೇಜಿಗೆ ಹೋಗುವವಳು. ಸ್ನೇಹಿತೆಯರು ಎನ್ನುವಷ್ಟು ಆಪ್ತರಲ್ಲ, ಸ್ಪೈಕ್ ಶೂ ಮರೆತು ಬಂದ ದಿನ ಒಬ್ಬಳದನ್ನು ಇನ್ನೊಬ್ಬಳು ಹಾಕಿಕೊಳ್ಳುವಷ್ಟು ಬಳಕೆ ಇತ್ತು.

ದಸರಾ ಕ್ರೀಡಾಕೂಟದವರೆಗೆ ಕೊರಟಗೆರೆಯವಳದೇ ಮೇಲುಗೈ. ದಸರಾ ಮುಗಿದ ಮೇಲೆ ಪಾವಗಡದವಳು ಒಬ್ಬ ಖಾಸಗಿ ತರಬೇತುದಾರನ ಬಳಿ ಸೇರಿದಳು. ಅವನು ಯಾವ ಸಂಘದಲ್ಲೂ ನೋಂದಾಯಿಸಿಕೊಂಡವನಲ್ಲ. ಒಂದು ಕಾಲಕ್ಕೆ ಚೆನ್ನಾಗಿ ಓಡುತ್ತಿದ್ದವನು, ಈಗ ಪೊಲೀಸ್ ಮತ್ತು ಸೇನಾ ನೇಮಕಾತಿಯ ದೈಹಿಕ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತಾನೆ. ಕೆಲವು ವಾರಗಳಲ್ಲಿ ಅವಳ ಓಟ ಬೇರೆಯಾಯಿತು. ಕೊನೆಯ ನೂರು ಮೀಟರಿನಲ್ಲಿ ಕಾಲು ಬಿಗಿದುಕೊಂಡು ಹಿಂದೆ ಬೀಳುತ್ತಿದ್ದ ಹುಡುಗಿ ಈಗ ಅಲ್ಲೇ ಮುನ್ನುಗ್ಗತೊಡಗಿದಳು.

ರಾಜ್ಯ ಕಿರಿಯರ ಕೂಟ ನಡೆದದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. ಪಾವಗಡದವಳು ಎರಡನೆಯವಳಾದಳು, ಕೊರಟಗೆರೆಯವಳು ಮೂರನೆಯವಳು. ನಡುವಿನ ಅಂತರ ಸೆಕೆಂಡಿನ ಐದನೇ ಒಂದು ಭಾಗಕ್ಕೂ ಕಡಿಮೆ. ರಾಷ್ಟ್ರೀಯ ಕೂಟದ ತಂಡಕ್ಕೆ ಆಯ್ಕೆಯಾಗುವವರು ಮೊದಲ ಇಬ್ಬರು. ಈ ಕೂಟದಲ್ಲಿ ಯಾರ ಮೂತ್ರವನ್ನೂ ಪರೀಕ್ಷಿಸಲಿಲ್ಲ. ಪ್ರಕರಣದ ಗಂಟು ಇರುವುದು ಈ ಒಂದು ವಾಕ್ಯದಲ್ಲಿ, ಮುಂದೆ ಅದಕ್ಕೆ ಬರುತ್ತೇನೆ.

ರಾಷ್ಟ್ರೀಯ ಕೂಟದಲ್ಲಿ ಪಾವಗಡದವಳಿಗೆ ಕಂಚು ಬಂತು. ಓಟ ಮುಗಿದ ಕೂಡಲೇ ನಾಡಾದ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ, ಮಹಿಳಾ ಸಿಬ್ಬಂದಿಯೊಬ್ಬರು ಬಂದು ಸಹಿ ಹಾಕಿಸಿಕೊಂಡು, ಕಣ್ಣು ತಪ್ಪದಂತೆ ಜೊತೆಗೇ ನಡೆದರು. ಅವಳ ಎದುರಿಗೇ ಮೂತ್ರವನ್ನು ಎ ಮತ್ತು ಬಿ ಎಂಬ ಎರಡು ಬಾಟಲಿಗಳಿಗೆ ಹಂಚಿ ಮುದ್ರೆ ಹಾಕಲಾಯಿತು. ಕಳೆದ ಏಳು ದಿನಗಳಲ್ಲಿ ತೆಗೆದುಕೊಂಡ ಔಷಧ, ಪೂರಕ ಆಹಾರಗಳನ್ನೆಲ್ಲ ಬರೆಯಲು ಅರ್ಜಿಯಲ್ಲಿ ಜಾಗವಿರುತ್ತದೆ. ಅವಳು ಆ ಜಾಗವನ್ನು ಖಾಲಿ ಬಿಟ್ಟಳು. ಹದಿನೆಂಟು ತುಂಬದವರು ತಮ್ಮ ಕಡೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಬಹುದು ಎಂಬುದು ಅವಳಿಗೆ ಗೊತ್ತಿರಲಿಲ್ಲ. ತಂಡದ ಜೊತೆ ಹೋದವರು ಆ ಹೊತ್ತಿನಲ್ಲಿ ರೈಲಿನ ಟಿಕೆಟ್ ಹೊಂದಿಸುವುದರಲ್ಲಿದ್ದರು. ವಾರಗಳ ನಂತರ ನೋಟಿಸ್ ಬಂತು: ಎ ಮಾದರಿಯಲ್ಲಿ ಸ್ಟ್ಯಾನೊಜೊಲೊಲ್ ಎಂಬ ನಿಷೇಧಿತ ಸ್ಟೀರಾಯ್ಡ್.

ಗುಳಿಗೆ

ತರಬೇತುದಾರ ಕಾಗದದ ಪೊಟ್ಟಣದಲ್ಲಿ ಕೊಡುತ್ತಿದ್ದ ಗುಳಿಗೆಯನ್ನು ಅವಳು ಎರಡನೆಯ ಬಾರಿ ಯೋಚಿಸದೆ ನುಂಗುತ್ತಿದ್ದಳು. "ರಕ್ತ ಕಡಿಮೆ ಇದೆ ನಿನಗೆ, ಅದಕ್ಕೇ ಕೊನೆಯಲ್ಲಿ ಸುಸ್ತು. ಇದು ರಕ್ತದ ಮಾತ್ರೆ" ಎಂದಿದ್ದನಂತೆ. ದೂರದಲ್ಲಿ ಕುಳಿತವರಿಗೆ ಇದು ಕುಂಟು ನೆಪವಾಗಿ ಕಾಣಬಹುದು. ನಮ್ಮ ಶಾಲೆಗಳನ್ನು ಬಲ್ಲವರಿಗೆ ಹಾಗೆ ಕಾಣಲಾರದು. ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ನೀಲಿ ಮಾತ್ರೆಯನ್ನು ಶಾಲೆಯಲ್ಲೇ, ಊಟವಾದ ಮೇಲೆ, ಮೇಷ್ಟ್ರು ಎದುರಿಗೆ ನಿಂತು ನುಂಗಿಸುವುದು ಸರ್ಕಾರದ ಕಾರ್ಯಕ್ರಮ. ಅದು ಬೇಕೇ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ. ಆದರೆ ಇದರ ಇನ್ನೊಂದು ಫಲವೆಂದರೆ, ಮೇಷ್ಟ್ರ ಕೈಯಿಂದ ಬಂದ ಮಾತ್ರೆಯ ಹೆಸರು ಕೇಳುವ ಅಭ್ಯಾಸ ನಮ್ಮ ಮಕ್ಕಳಿಗೆ ಇಲ್ಲ. ತರಬೇತುದಾರನೂ ಅವರ ಲೆಕ್ಕದಲ್ಲಿ ಮೇಷ್ಟ್ರೇ.

ಪೂರ್ವ ಜರ್ಮನಿಯಲ್ಲಿ 1970 ಮತ್ತು 80ರ ದಶಕಗಳಲ್ಲಿ ಸರ್ಕಾರವೇ ಹದಿಹರೆಯದ ಈಜುಗಾರ್ತಿಯರಿಗೆ, ಓಟಗಾರ್ತಿಯರಿಗೆ ಓರಲ್ ಟ್ಯುರಿನಬೋಲ್ ಎಂಬ ಸ್ಟೀರಾಯ್ಡನ್ನು ವಿಟಮಿನ್ ಎಂದು ಹೇಳಿ ತಿನ್ನಿಸಿತ್ತು. ಆ ಗುಳಿಗೆಯ ಬಣ್ಣವೂ ನೀಲಿ. ಕಾಕತಾಳೀಯ, ಆದರೆ ತರಗತಿಯಲ್ಲಿ ಇದನ್ನು ಹೇಳಿದಾಗ ಒಂದು ಕ್ಷಣ ಯಾರೂ ಮಾತನಾಡುವುದಿಲ್ಲ.

ಸ್ಟ್ಯಾನೊಜೊಲೊಲ್ ಎಂಬುದು ಟೆಸ್ಟೋಸ್ಟೆರಾನ್ ಹಾರ್ಮೋನಿನ ಅಚ್ಚಿನಲ್ಲಿ ಪ್ರಯೋಗಾಲಯದಲ್ಲಿ ರೂಪಿಸಿದ ಅನಬಾಲಿಕ್ ಸ್ಟೀರಾಯ್ಡ್. ಮೈ ಅಲ್ಲಲ್ಲಿ ದಿಢೀರನೆ ಊದಿಕೊಳ್ಳುವ ಒಂದು ಅಪರೂಪದ ಆನುವಂಶಿಕ ಕಾಯಿಲೆಗೆ ಇದನ್ನು ಔಷಧವಾಗಿ ಬಳಸಿದ್ದುಂಟು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿದ ಕೆನಡಾದ ಬೆನ್ ಜಾನ್ಸನ್ ಚಿನ್ನ ಕಳೆದುಕೊಂಡದ್ದು ಇದರಿಂದಲೇ. ನುಂಗಿದ ಕೂಡಲೇ ಯಾರನ್ನೂ ಓಡಿಸುವ ಮದ್ದಲ್ಲ ಇದು. ಸ್ನಾಯು ಕಟ್ಟುವ ಕೆಲಸವನ್ನು ಚುರುಕುಗೊಳಿಸಿ, ನಿನ್ನೆ ದಣಿದ ದೇಹವನ್ನು ಇಂದೇ ಮತ್ತೆ ಅಭ್ಯಾಸಕ್ಕೆ ನಿಲ್ಲಿಸುತ್ತದೆ. ಹಾಗಾಗಿ ಪಾವಗಡದವಳು ಕಷ್ಟಪಡದೆ ಗೆದ್ದಳು ಎನ್ನುವುದು ತಪ್ಪು. ಅವಳು ಕೊರಟಗೆರೆಯವಳಿಗಿಂತ ಹೆಚ್ಚು ಕಷ್ಟಪಟ್ಟಿರಬೇಕು. ಹೆಚ್ಚು ಕಷ್ಟಪಡುವ ಶಕ್ತಿಯನ್ನೇ ಪೊಟ್ಟಣದಿಂದ ತಂದುಕೊಂಡದ್ದು ಅನ್ಯಾಯ.

ದೇಹ ಸುಳಿವು ಕೊಟ್ಟಿತ್ತು. ಮುಖದ ತುಂಬ ಮೊಡವೆ, ಧ್ವನಿ ಒಡೆದಂತೆ, ತಿಂಗಳ ಮುಟ್ಟು ನಿಂತದ್ದು. ಚಿಕ್ಕಮ್ಮ ಕೇಳಿದಾಗ ತರಬೇತುದಾರ ಫೋನಿನಲ್ಲೇ ಸಮಾಧಾನ ಹೇಳಿದ: "ಓಡುವ ಹುಡುಗಿಯರಿಗೆ ಹಾಗಾಗುತ್ತದಮ್ಮ, ಹೆದರಬೇಡಿ." ಅರ್ಧ ನಿಜವಿದ್ದ ಮಾತು. ಅತಿಯಾದ ಅಭ್ಯಾಸ, ಸಾಕಾಗದ ಊಟದಿಂದಲೂ ಮುಟ್ಟು ನಿಲ್ಲುವುದುಂಟು. ಆದರೆ ಧ್ವನಿ ಗಡುಸಾಗುವುದಿಲ್ಲ, ಮತ್ತು ಸ್ಟೀರಾಯ್ಡಿನಿಂದ ಗಡುಸಾದ ಧ್ವನಿ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ನಿಷೇಧದ ಅವಧಿಗೆ ಕೊನೆಯಿದೆ, ಇದಕ್ಕಿಲ್ಲ.

ವಿಚಾರಣೆ

ಉದ್ದೀಪನ ಮದ್ದು ತಡೆಯ ಇಡೀ ಕಟ್ಟಡ ನಿಂತಿರುವುದು ಒಂದು ಕಠಿಣ ತತ್ವದ ಮೇಲೆ: ನಿಮ್ಮ ದೇಹದಲ್ಲಿ ಸಿಕ್ಕಿದ್ದಕ್ಕೆ ನೀವೇ ಹೊಣೆ. ಬೇಕೆಂದೇ ತಿಂದಿರಾ, ಯಾರಾದರೂ ಕೊಟ್ಟರಾ ಎಂಬುದು ಶಿಕ್ಷೆಯ ಪ್ರಮಾಣಕ್ಕೆ ಸಂಬಂಧಿಸಿದ್ದು. ತಪ್ಪಾಗಿದೆಯೇ ಇಲ್ಲವೇ ಎಂಬುದಕ್ಕೆ ಅಲ್ಲ. ಕರ್ನಾಟಕದವರಿಗೆ ಇದು ಹೊಸದಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕೂಟ ಮತ್ತು ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಚಿನ್ನ ಗೆದ್ದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2011ರಲ್ಲಿ ಸಹ ಓಟಗಾರ್ತಿಯರ ಜೊತೆ ಸಿಕ್ಕಿಬಿದ್ದಾಗ, ವಿದೇಶಿ ತರಬೇತುದಾರ ಕೊಟ್ಟ ಜಿನ್ಸೆಂಗ್ ಪೂರಕದಲ್ಲಿ ಮದ್ದು ಬೆರೆತಿತ್ತು ಎಂಬುದು ವಾದವಾಗಿತ್ತು. ಭಾರತದ ಉದ್ದೀಪನ ಮದ್ದು ತಡೆ ಶಿಸ್ತು ಸಮಿತಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಮಧ್ಯೆ ಲಂಡನ್ ಒಲಿಂಪಿಕ್ಸ್ ಕಳೆದುಹೋಯಿತು.

ಪಾವಗಡದವಳಿಗೆ ಅನುಕೂಲವಾಗಿ ಬಂದದ್ದು ವಯಸ್ಸು. 2021ರಲ್ಲಿ ಜಾರಿಗೆ ಬಂದ ವಾಡಾದ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ, ಸಂಹಿತೆಯಲ್ಲಿ ರಕ್ಷಿತ ವ್ಯಕ್ತಿ ಎಂಬ ವರ್ಗವಿದೆ. ಹದಿನಾರು ತುಂಬದವರು, ಅಥವಾ ಹದಿನೆಂಟು ತುಂಬದ, ನಿರಂತರ ಪರೀಕ್ಷೆಯ ಪಟ್ಟಿಯಲ್ಲಿಲ್ಲದ, ಅಂತರರಾಷ್ಟ್ರೀಯ ಕೂಟದ ಮುಕ್ತ (ವಯೋಮಿತಿ ಇಲ್ಲದ) ವಿಭಾಗದಲ್ಲಿ ಎಂದೂ ಸ್ಪರ್ಧಿಸದವರು ಇದರಲ್ಲಿ ಬರುತ್ತಾರೆ. ಸ್ಟೀರಾಯ್ಡಿಗೆ ಸಾಮಾನ್ಯ ಶಿಕ್ಷೆ ನಾಲ್ಕು ವರ್ಷ. ರಕ್ಷಿತ ವ್ಯಕ್ತಿಯ ತಪ್ಪು ದೊಡ್ಡದಲ್ಲ ಎಂದು ತೋರಿಸಿದರೆ ಬರಿಯ ಛೀಮಾರಿಯಿಂದ ಗರಿಷ್ಠ ಎರಡು ವರ್ಷದವರೆಗೆ ಮಾತ್ರ. ಎ ಫಲಿತಾಂಶವನ್ನು ತಾಳೆ ನೋಡಲು ಇಟ್ಟ ಬಿ ಬಾಟಲಿಯ ಪರೀಕ್ಷೆಯನ್ನು ಅವಳು ಕೇಳಲಿಲ್ಲ. ಸಮಿತಿಯ ಮುಂದೆ ಇದ್ದದ್ದನ್ನು ಹೇಳಿದಳು: ದಸರಾ ಕಳೆದ ಮೇಲೆ ಸರ್ ಕೊಡಲು ಶುರು ಮಾಡಿದರು, ರಕ್ತದ ಮಾತ್ರೆ ಎಂದರು, ಹೆಸರು ಕೇಳಲಿಲ್ಲ. ಒಂದು ವರ್ಷದ ನಿಷೇಧವಾಯಿತು. ಕಂಚು ವಾಪಸ್. ಅದು ನಾಲ್ಕನೆಯ ಸ್ಥಾನದಲ್ಲಿದ್ದ, ಬೇರೆ ರಾಜ್ಯದ ಹುಡುಗಿಗೆ ಹೋಯಿತು.

ಶಿಕ್ಷೆ ಸರಿಯಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಛೀಮಾರಿ ಹಾಕಿ ಬಿಡಬೇಕಿತ್ತು ಎನ್ನುವವರು ತರಗತಿಯಲ್ಲಿ ಯಾವಾಗಲೂ ಹೆಚ್ಚು. ಆದರೆ ಹೆಸರಿಲ್ಲದ ಮಾತ್ರೆಯನ್ನು ವಾರಗಟ್ಟಲೆ ನುಂಗಿ, ಮೈ ಬದಲಾದದ್ದನ್ನು ಕಂಡೂ ವೈದ್ಯರ ಬಳಿ ಹೋಗದೆ, ಅರ್ಜಿಯಲ್ಲಿ ಬರೆಯದೆ ಬಿಟ್ಟದ್ದಕ್ಕೆ ಏನೂ ಬೆಲೆ ಇಲ್ಲವೆಂದರೆ, ನಾಳೆ ಪ್ರತಿ ತರಬೇತುದಾರನೂ ಹದಿನೇಳರ ಮಕ್ಕಳನ್ನೇ ಹುಡುಕುತ್ತಾನೆ.

ಸಮಿತಿ ನಿಂತಲ್ಲಿ

ಈಗ ಕೊರಟಗೆರೆಗೆ ಬರೋಣ. ತೀರ್ಪಿನ ಸುದ್ದಿ ಕೇಳಿ ಅವಳ ತಂದೆ ಕ್ರೀಡಾ ಸಂಘದ ಪದಾಧಿಕಾರಿಯೊಬ್ಬರನ್ನು ಕಂಡರು.

"ಆ ಹುಡುಗಿ ರಾಜ್ಯ ಕೂಟದಲ್ಲೂ ಮಾತ್ರೆ ತಿಂದೇ ಓಡಿದ್ದಲ್ಲವೇ ಸರ್? ಹಾಗಾದರೆ ನಮ್ಮ ಮಗಳು ಎರಡನೆಯವಳಾಗಬೇಕಲ್ಲ?"

"ಆ ಕೂಟದಲ್ಲಿ ಪರೀಕ್ಷೆಯೇ ಆಗಿಲ್ಲವಲ್ಲ ಯಜಮಾನರೇ. ಅದರ ಫಲಿತಾಂಶಕ್ಕೂ ಇದಕ್ಕೂ ಸಂಬಂಧವಿಲ್ಲ."

ಪದಾಧಿಕಾರಿ ಸುಳ್ಳು ಹೇಳಲಿಲ್ಲ. ರೂಢಿಯಲ್ಲಿರುವುದನ್ನು ಹೇಳಿದರು. ಮಾದರಿ ಪಡೆದ ಓಟದ ಫಲಿತಾಂಶ ತಾನಾಗಿಯೇ ರದ್ದಾಗುತ್ತದೆ, ಆ ದಿನದಿಂದ ನಿಷೇಧ ಶುರುವಾಗುವವರೆಗಿನ ಫಲಿತಾಂಶಗಳೂ ಹೋಗುತ್ತವೆ. ಬಾಟಲಿಯ ಕಣ್ಣು ಮುಂದಕ್ಕೆ ನೋಡುತ್ತದೆ, ಹಿಂದಕ್ಕಲ್ಲ. ಹೀಗಾಗಿ ಕಂಠೀರವದ ಬೆಳ್ಳಿ ಪಾವಗಡದವಳ ಹೆಸರಿನಲ್ಲೇ ಉಳಿಯಿತು. ಮುಖ ನೋಡದ ಯಾರೋ ಹುಡುಗಿಗೆ ನ್ಯಾಯ ತಲುಪಿತು. ನಿತ್ಯ ಜೊತೆಗೆ ಓಡುತ್ತಿದ್ದವಳಿಗೆ ತಲುಪಲಿಲ್ಲ.

ಬೆಳ್ಳಿಯ ಬಿಲ್ಲೆಯಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅವಳು ಕಳೆದುಕೊಂಡದ್ದು ರಾಷ್ಟ್ರೀಯ ಕೂಟದಲ್ಲಿ ಓಡುವ ಅವಕಾಶ, ಅಲ್ಲಿ ಸಿಗಬಹುದಾಗಿದ್ದ ವೇಳೆ, ಮತ್ತು ರಾಷ್ಟ್ರಮಟ್ಟದ ಪ್ರಮಾಣಪತ್ರ. ವೃತ್ತಿ ಕೋರ್ಸುಗಳ ಕ್ರೀಡಾ ಕೋಟಾ ಇರಲಿ, ರೈಲ್ವೆ, ಪೊಲೀಸ್ ನೇಮಕ ಇರಲಿ, ತೂಕ ಬರುವುದು ಆ ಕಾಗದಕ್ಕೆ. ಕೊರಟಗೆರೆಯ ಒಬ್ಬ ರೈತ ಮಗಳನ್ನು ಮುಂಜಾನೆಯ ಬಸ್ಸು ಹತ್ತಿಸುವುದರ ಹಿಂದಿನ ಲೆಕ್ಕ ಒಲಿಂಪಿಕ್ಸ್ ಅಲ್ಲ, ಒಂದು ಸೀಟು ಅಥವಾ ಒಂದು ನೌಕರಿ. ಕ್ರೀಡೆಯಲ್ಲಿ ನ್ಯಾಯ ಎಂದಾಗ ನಾವು ಕ್ರೀಡಾ ಮನೋಭಾವದಂತಹ ದೊಡ್ಡ ಮಾತುಗಳನ್ನಾಡುತ್ತೇವೆ. ತಾಲ್ಲೂಕು ಮಟ್ಟದಲ್ಲಿ ನ್ಯಾಯ ಎಂದರೆ ಅರ್ಜಿಗೆ ಲಗತ್ತಿಸುವ ಜೆರಾಕ್ಸ್ ಪ್ರತಿ.

ಪರೀಕ್ಷೆ ಇಲ್ಲದ ಕೂಟ ಎಂದರೆ ಏನು ಎಂಬುದಕ್ಕೆ 2023ರ ಸೆಪ್ಟೆಂಬರಿನಲ್ಲಿ ದೆಹಲಿಯ ರಾಜ್ಯಮಟ್ಟದ ಕೂಟವೇ ಸಾಕ್ಷಿ. ನಾಡಾ ಸಿಬ್ಬಂದಿ ಬಂದಿದ್ದಾರೆ ಎಂದು ಗೊತ್ತಾದ ಮೇಲೆ ಪುರುಷರ 100 ಮೀಟರ್ ಫೈನಲ್ ಓಡಲು ಒಬ್ಬನೇ ಉಳಿದ. ಆ ಇಡೀ ವರ್ಷದಲ್ಲಿ ನಾಡಾ ಪರೀಕ್ಷಿಸಿದ್ದು 5,606 ಮಾದರಿಗಳನ್ನು, ಮದ್ದು ಸಿಕ್ಕಿದ್ದು 213ರಲ್ಲಿ. ದೇಶದ ಎಲ್ಲ ಕ್ರೀಡೆಗಳು ಸೇರಿ 5,606. ಜಿಲ್ಲೆ, ವಿಭಾಗ, ರಾಜ್ಯ ಮಟ್ಟದ ಎಲ್ಲ ಕೂಟಗಳಿಗೂ ಬಾಟಲಿ ಹಿಡಿದು ಹೋಗಿ ಎಂದು ಹೇಳುವುದು ಸುಲಭ. ದೇಶದಲ್ಲಿ ವಾಡಾ ಮಾನ್ಯತೆಯ ಪ್ರಯೋಗಾಲಯ ಇರುವುದು ದೆಹಲಿಯಲ್ಲಿ ಒಂದೇ, ಅದರ ಮಾನ್ಯತೆಯೂ 2019ರಿಂದ 2021ರವರೆಗೆ ಅಮಾನತಿನಲ್ಲಿತ್ತು. ಆದ್ದರಿಂದ ಹೆಚ್ಚು ಪರೀಕ್ಷೆ ಎಂಬ ಉತ್ತರವನ್ನು ನಾನು ಈ ಪ್ರಕರಣದ ಪರಿಹಾರವಾಗಿ ಒಪ್ಪುವುದಿಲ್ಲ.

ಪರಿಹಾರ ಇರುವುದು ಅವಳ ಹೇಳಿಕೆಯಲ್ಲೇ. "ದಸರಾ ಕಳೆದ ಮೇಲೆ" ಎಂದಳಲ್ಲ? ರಾಜ್ಯ ಕೂಟ ನಡೆದದ್ದು ಅದಕ್ಕೂ ನಂತರ. ಸಂಹಿತೆಯ ಪ್ರಕಾರ ಮೂತ್ರದಲ್ಲಿ ಮದ್ದು ಸಿಗುವುದೊಂದೇ ಉಲ್ಲಂಘನೆಯಲ್ಲ, ನಿಷೇಧಿತ ಮದ್ದನ್ನು ಬಳಸುವುದೂ ಪ್ರತ್ಯೇಕ ಉಲ್ಲಂಘನೆ. ಅದನ್ನು ಸಾಬೀತು ಮಾಡಲು ಆಟಗಾರರ ಸ್ವಂತ ಒಪ್ಪಿಗೆಯೂ ಸಾಕ್ಷಿಯಾಗುತ್ತದೆ. ಫಲಿತಾಂಶ ರದ್ದು ಮಾಡುವ ನಿಯಮ ಮಾದರಿ ಪಡೆದ ದಿನದಿಂದ ಮಾತ್ರವಲ್ಲ, ಬೇರೆ ಉಲ್ಲಂಘನೆ ನಡೆದ ದಿನದಿಂದಲೂ ಅನ್ವಯಿಸುತ್ತದೆ. ಅಂದರೆ ಪಾವಗಡದವಳು ತನ್ನ ರಕ್ಷಣೆಗೆ ಆಡಿದ ಮಾತೇ ಕೊರಟಗೆರೆಯವಳ ಹಕ್ಕಿನ ದಾಖಲೆ. ಸಮಿತಿಯ ಕಡತದಲ್ಲಿ ಆ ಸಾಲು ಇದೆ. ಅದನ್ನು ಓದಿ, ಹಾಗಾದರೆ ರಾಜ್ಯ ಕೂಟದ ಫಲಿತಾಂಶ ಏನಾಗಬೇಕು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಹೊಣೆ ಯಾರದೂ ಆಗಿರಲಿಲ್ಲ. ಕೊರಟಗೆರೆಯವಳು ಈ ವಿಚಾರಣೆಯಲ್ಲಿ ಪಕ್ಷಗಾರಳೇ ಅಲ್ಲ.

ಇಲ್ಲಿ ವಿದ್ಯಾರ್ಥಿಗಳು ಎರಡಾಗುತ್ತಾರೆ. ನಿಜ ಹೇಳಿದ್ದಕ್ಕೇ ಬೆಳ್ಳಿಯನ್ನೂ ಕಿತ್ತುಕೊಂಡರೆ ಮುಂದೆ ಯಾವ ಮಗು ಬಾಯಿ ಬಿಡುತ್ತದೆ ಎಂಬುದು ಒಂದು ಕಡೆಯ ವಾದ. ತೂಕದ ವಾದ. ಆದರೆ ಸಂಹಿತೆ ಅದಕ್ಕೂ ದಾರಿ ಇಟ್ಟಿದೆ: ಇನ್ನೊಬ್ಬರ ಉಲ್ಲಂಘನೆಯನ್ನು ಬಯಲಿಗೆಳೆಯಲು ಗಣನೀಯ ನೆರವು ಕೊಟ್ಟವರ ನಿಷೇಧದ ಅವಧಿಯಲ್ಲಿ ಮುಕ್ಕಾಲು ಭಾಗದವರೆಗೆ ಅಮಾನತಿನಲ್ಲಿಡಬಹುದು. ಬೆಳ್ಳಿ ಹೋಗಲಿ, ಆ ಬದಲಿಗೆ ನಿಷೇಧ ಇಳಿಯಲಿ. ಬೆಳ್ಳಿ ಅವಳದಾಗಿರಲಿಲ್ಲ, ಮುಂದಿನ ತಿಂಗಳುಗಳು ಅವಳವೇ.

ಎಲ್ಲರಿಗೂ ಬಿಟ್ಟುಬಿಡಿ, ಎಲ್ಲರೂ ತಿನ್ನಲಿ, ಆಗ ಸಮಾನತೆ ಬರುತ್ತದೆ ಎನ್ನುವ ಒಬ್ಬ ವಿದ್ಯಾರ್ಥಿ ಪ್ರತಿ ವರ್ಷವೂ ಇರುತ್ತಾನೆ. ಪೊಟ್ಟಣ ಕೊಡುವವನು ಯಾರ ಮಗಳಿಗೆ ಮೊದಲು ಕೊಡುತ್ತಾನೆ, ಆಗ ಬೇಡ ಎಂದವಳು ಎಲ್ಲಿ ಓಡಬೇಕು ಎಂದು ಕೇಳಿದರೆ ಆ ಮಾತು ಮುಂದುವರಿಯುವುದಿಲ್ಲ.

ಸರ್

ತರಬೇತುದಾರನ ವಿಷಯ ಚಿಕ್ಕದು, ಏಕೆಂದರೆ ಅವನಿಗೆ ಏನೂ ಆಗಲಿಲ್ಲ. ಕಾಗದದ ಮೇಲೆ ಅವನಿಗಿರುವ ಶಿಕ್ಷೆ ಎಲ್ಲರಿಗಿಂತ ದೊಡ್ಡದು. ರಕ್ಷಿತ ವ್ಯಕ್ತಿಗೆ ಸ್ಟೀರಾಯ್ಡ್ ಕೊಟ್ಟ ತರಬೇತುದಾರನಿಗೆ ಆಜೀವ ನಿಷೇಧ. ಅಂತಹ ಪ್ರತಿ ಪ್ರಕರಣದಲ್ಲೂ ಮಗುವಿನ ಸುತ್ತಲಿನ ಸಿಬ್ಬಂದಿಯ ತನಿಖೆ ಕಡ್ಡಾಯ. ತನಿಖೆ ಎಂದು ಒಂದು ಫೋನ್ ಕರೆ ಬಂತು. ನಾನು ಕೊಟ್ಟಿಲ್ಲ ಎಂದ. ಬಿಲ್ ಇಲ್ಲ, ಚೀಟಿ ಇಲ್ಲ, ಪೊಟ್ಟಣದ ಕಾಗದ ಎಂದೋ ಕಸಕ್ಕೆ ಹೋಗಿತ್ತು. ಇನ್ನೊಂದು ವಿಚಿತ್ರವೂ ಇದೆ. ವಯಸ್ಕ ಆಟಗಾರರು ತಮ್ಮ ತಪ್ಪು ದೊಡ್ಡದಲ್ಲ ಎನ್ನಬೇಕಾದರೆ ಮದ್ದು ದೇಹಕ್ಕೆ ಹೇಗೆ ಬಂತೆಂದು ಸಾಬೀತು ಮಾಡಬೇಕು. ರಕ್ಷಿತ ವ್ಯಕ್ತಿಗೆ ಆ ಭಾರವಿಲ್ಲ. ಮಕ್ಕಳ ಮೇಲಿನ ಕರುಣೆಯಿಂದ ಇಟ್ಟ ವಿನಾಯಿತಿ ಇದು. ಈ ಪ್ರಕರಣದಲ್ಲಿ ಮದ್ದಿನ ಮೂಲವನ್ನು ಬೆನ್ನಟ್ಟುವ ತುರ್ತು ಸಮಿತಿಗೂ ಇರಲಿಲ್ಲ, ವಕೀಲರಿಗೂ ಇರಲಿಲ್ಲ.

2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ನಾಡಾಕ್ಕೆ ಶೋಧಿಸುವ, ವಶಪಡಿಸಿಕೊಳ್ಳುವ ಅಧಿಕಾರ ಕೊಟ್ಟಿದೆ. ಆದರೆ ನೋಂದಣಿಯೇ ಇಲ್ಲದ ಮನುಷ್ಯನನ್ನು ಕ್ರೀಡೆಯಿಂದ ಆಜೀವ ಹೊರಹಾಕಿದರೆ ಅವನು ಕಳೆದುಕೊಳ್ಳುವುದೇನು? ಅವನ ಹುಡುಗರು ಓಡುವುದು ನೇಮಕಾತಿಯ ಮೈದಾನದಲ್ಲಿ. ವಾಡಾದ ನಿಷೇಧಿತ ಪಟ್ಟಿಗೂ ಆ ಮೈದಾನಕ್ಕೂ ಸಂಬಂಧವಿಲ್ಲ. ಸ್ಟ್ಯಾನೊಜೊಲೊಲ್ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ಅವನನ್ನು ಹಿಡಿಯುವ ದಾರಿ ಇದ್ದರೆ ಅದು ಔಷಧ ನಿಯಂತ್ರಣ ಇಲಾಖೆಯ ಮೂಲಕ, ಕ್ರೀಡಾ ಸಂಘದ ಮೂಲಕವಲ್ಲ.

ವಿದ್ಯಾರ್ಥಿಗಳಿಗೆ ಕೊಡುವ ಕೆಲಸ

ಕೊರಟಗೆರೆಯ ತಂದೆಯ ಪರವಾಗಿ ಒಂದು ಅರ್ಜಿ ಬರೆಯಿರಿ ಎನ್ನುತ್ತೇನೆ. ಹೆಚ್ಚಿನವರು ಅನ್ಯಾಯ, ಪ್ರತಿಭೆ, ಬಡತನ ಎಂದು ಎರಡು ಪುಟ ತುಂಬಿಸಿ ತರುತ್ತಾರೆ. ಅದನ್ನೆಲ್ಲ ಹೊಡೆದುಹಾಕುತ್ತೇನೆ. ಅರ್ಜಿಯಲ್ಲಿ ಇರಬೇಕಾದ್ದು ಸ್ವಲ್ಪವೇ: ತೀರ್ಪಿನ ಪ್ರತಿಯಲ್ಲಿ ದಸರಾ ನಂತರ ಎಂಬ ಹೇಳಿಕೆ ಇರುವ ಪುಟ, ರಾಜ್ಯ ಕೂಟದ ದಿನಾಂಕ ಮತ್ತು ಫಲಿತಾಂಶ ಪಟ್ಟಿ, ಬಳಕೆಯ ಉಲ್ಲಂಘನೆಯನ್ನು ದಾಖಲಿಸಿ ಆ ದಿನದಿಂದ ಫಲಿತಾಂಶ ರದ್ದು ಮಾಡಬೇಕೆಂಬ ಕೋರಿಕೆ. ಜೊತೆಗೆ, ಪಾವಗಡದವಳಿಗೆ ನೆರವಿನ ವಿನಾಯಿತಿಯನ್ನು ಕೊಡಬೇಕೆಂಬ ಮಾತೂ ಇದೇ ಅರ್ಜಿಯಲ್ಲಿ ಇರಲಿ ಎಂಬುದು ನನ್ನ ಸಲಹೆ. ಅವಳು ಸುಮ್ಮನಾದರೆ ಇವಳ ಸಾಕ್ಷಿಯೂ ಸುಮ್ಮನಾಗುತ್ತದೆ.

ವಿಳಾಸ ಯಾರದು ಎಂಬಲ್ಲಿ ಚರ್ಚೆ ಮತ್ತೆ ಕಾವೇರುತ್ತದೆ. ಉಲ್ಲಂಘನೆ ನಡೆದ ದಿನದಿಂದ ಹತ್ತು ವರ್ಷದೊಳಗೆ ಪ್ರಕರಣ ಹೂಡಬಹುದಾದ್ದರಿಂದ ನಾಡಾಕ್ಕೆ ನಿಧಾನವಾಗಿ ಬರೆದರೂ ನಡೆಯುತ್ತದೆ. ಕ್ರೀಡಾ ಕೋಟಾಕ್ಕೆ ಅಷ್ಟು ತಾಳ್ಮೆ ಇಲ್ಲ, ಅದರ ದಾಖಲೆ ಪರಿಶೀಲನೆ ಸಿಇಟಿ ವೇಳಾಪಟ್ಟಿಯ ಜೊತೆಗೇ ಮುಗಿಯುತ್ತದೆ. ಹಾಗಾಗಿ ಮೊದಲ ಪ್ರತಿ ಹೋಗಬೇಕಾದ್ದು ರಾಜ್ಯ ಸಂಘಕ್ಕೆ, ಈ ಅಭ್ಯರ್ಥಿಯ ಸ್ಥಾನದ ವಿಷಯ ವಿಚಾರಣೆಗೆ ಬಾಕಿ ಇದೆ ಎಂಬ ಒಂದು ಸಾಲಿನ ಪತ್ರ ಕೊಡಿ ಎಂದು ಕೇಳಿಕೊಂಡು. ಅಂತಹ ಪತ್ರಕ್ಕೆ ಕೋಟಾದಲ್ಲಿ ಎಷ್ಟು ಬೆಲೆ ಸಿಗಬೇಕು ಎಂಬುದನ್ನು ಇಲಾಖೆ ನಿಯಮವಾಗಿ ಬರೆಯುವವರೆಗೆ ಅದು ಕೌಂಟರಿನಲ್ಲಿ ಕುಳಿತ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು.